ಉಟ್ಟ ಬಟ್ಟೆಯ ಹರಾಜು: ನೋಡಿ ಕೊಳ್ಳುವವರು, ನೋಡದೆ ಕೊಳ್ಳುವವರು

ಅಡಿಕೆ ಬೆಳೆಯುವವರಿಗೆ ಹರಾಜೆಂದರೇನೆಂದು ಯಾರೂ ಕಲಿಸಿಕೊಡಬೇಕಾಗಿಲ್ಲ. ಶಿರಸಿಯಲ್ಲಾಗಲಿ ಸಾಗರದಲ್ಲಾಗಲಿ, ಮಾರುಕಟ್ಟೆಯ ಅಂಗಳದಲ್ಲಿ ಚೀಲದ ಬಾಯಿ ಬಿಚ್ಚಿಟ್ಟಿರುತ್ತದೆ. ವ್ಯಾಪಾರಿ ಕೈ ಹಾಕಿ ಒಂದು ಹಿಡಿ ತೆಗೆದು ನೋಡಿ, ಅನಂತರವೇ ತನ್ನ ದರ ಬರೆಯುತ್ತಾನೆ. ಚೀಟಿಯ ಜಾಗಕ್ಕೆ ಗಣಕಯಂತ್ರ ಬಂದರೂ ಸರಕನ್ನು ನೋಡಿ ದರ ಹೇಳುವ ಪದ್ಧತಿ ಹೋಗಿಲ್ಲ. ಹಳೆಯ ಬಟ್ಟೆಗಳನ್ನು ಅಂತರ್ಜಾಲದಲ್ಲಿ ಹರಾಜು ಹಾಕುವ ವ್ಯಾಪಾರವು ಪರಿಸರಕ್ಕೆ ಹಿತಕರವೆಂಬ ಹೊಗಳಿಕೆ ಇತ್ತೀಚೆಗೆ ಕೇಳಿಬರುತ್ತಿದೆ. ಆ ವ್ಯಾಪಾರವನ್ನೂ ನಾವು ಇದೇ ಕಣ್ಣಿನಿಂದ ನೋಡಬೇಕು. ಅಲ್ಲಿ ಸರಕನ್ನು ನೋಡಿ ಕೊಳ್ಳುವವರು ಯಾರು? ನೋಡದೆ ಕೊಳ್ಳಬೇಕಾದವರು ಯಾರು?

ಅಮೆರಿಕದಲ್ಲಿ 1995ರಲ್ಲಿ ಪಿಯರೆ ಒಮಿದ್ಯಾರ್ ಆರಂಭಿಸಿದ ಹರಾಜುಕಟ್ಟೆಯೇ ಮುಂದೆ ಇಬೇ ಎನಿಸಿತು. ಅಲ್ಲಿನ ಸವಾಲಿನ ಕ್ರಮ ನಮ್ಮ ಟೆಂಡರಿಗಿಂತ ಭಿನ್ನ. ಇಂಗ್ಲೆಂಡಿನಲ್ಲಿ ಒಬ್ಬರು ಹಳೆಯ ಉಣ್ಣೆಯ ಕೋಟೊಂದಕ್ಕೆ ತಮ್ಮ ಕೊನೆಯ ಮಾತು 20 ಪೌಂಡ್ ಎಂದು ನಮೂದಿಸಿದರೆನ್ನಿ. ಎದುರಾಳಿಯ ಕೊನೆಯ ಮಾತು 12 ಪೌಂಡ್ ಆಗಿದ್ದರೆ, ಗೆದ್ದವರು 20 ಕೊಡಬೇಕಿಲ್ಲ. ಎದುರಾಳಿಗಿಂತ ಒಂದು ಮೆಟ್ಟಿಲು ಮೇಲೆ, ಅಂದರೆ 12 ಪೌಂಡ್ 50 ಪೆನ್ಸ್ ಕೊಟ್ಟರೆ ಸಾಕು. ಗಡುವು ಮೊದಲೇ ಗೊತ್ತಿರುವುದರಿಂದ ಕೊನೆಯ ಕ್ಷಣದವರೆಗೆ ಸುಮ್ಮನಿದ್ದು ಸವಾಲು ಹಾಕುವ ಚಾಲಾಕಿಗಳೂ ಇದ್ದಾರೆ. (ಅಡಿಕೆ ಮಂಡಿಯಲ್ಲಿ ಪಳಗಿದವರಿಗೆ ಇದೇನೂ ಅಚ್ಚರಿಯಲ್ಲ.) ಈಗ ಅಲ್ಲಿಯೂ ಹೆಚ್ಚಿನ ಸರಕು ಸ್ಥಿರ ಬೆಲೆಗೇ ಮಾರಾಟವಾಗುತ್ತಿದೆ. ಆದರೆ ಬೆಲೆ ಎಷ್ಟೆಂದು ಮಾರುವವರಿಗೇ ತಿಳಿಯದ ಹಳೆಯ ಉಡುಪಿಗೆ ಹರಾಜು ಇಂದಿಗೂ ಸೂಕ್ತವಾದ ಮಾರ್ಗ.

ಮಾರುವವರ ಶ್ರಮವನ್ನು ಹಗುರವಾಗಿ ಕಾಣಬಾರದು. ಬಟ್ಟೆಯನ್ನು ಒಗೆದು, ಇಸ್ತ್ರಿ ಮಾಡಿ, ಬೆಳಕಿನಲ್ಲಿ ಹರವಿ ಹಲವು ಚಿತ್ರ ತೆಗೆಯಬೇಕು. ಎದೆಯ ಅಗಲ, ತೋಳಿನ ಉದ್ದಗಳನ್ನು ಅಳೆದು ಬರೆಯಬೇಕು. ಕಾಲರಿನ ಕಲೆಯನ್ನಾಗಲಿ ಕಳೆದುಹೋದ ಗುಂಡಿಯನ್ನಾಗಲಿ ಮುಚ್ಚಿಡದೆ ತಿಳಿಸಬೇಕು. ಮುಚ್ಚಿಟ್ಟವರ ಹೆಸರು ಕೊಂಡವರ ಅಭಿಪ್ರಾಯದಿಂದಲೇ ಕೆಡುತ್ತದೆ. ತೂಕ ನೋಡಿ ಅಂಚೆವೆಚ್ಚ ಹೇಳಬೇಕು. ಹೀಗೆ ಕಪಾಟಿನ ಮೂಲೆಯಲ್ಲಿ ಬಿದ್ದಿದ್ದ ಅಂಗಿಯೊಂದು ಇನ್ನೊಬ್ಬರ ಮೈಮೇಲೆ ಐದಾರು ವರ್ಷ ಬಾಳಿದರೆ ಅದು ನಿಜವಾದ ಲಾಭ. ಒಂದು ಹತ್ತಿಯ ಟೀ ಶರ್ಟಿನ ಹಿಂದೆ ಸುಮಾರು 2,700 ಲೀಟರ್ ನೀರು ಖರ್ಚಾಗಿರುತ್ತದೆಂಬ ಅಂದಾಜಿದೆ. ಅದನ್ನು ಬೇಗನೆ ಎಸೆಯದಿರುವುದು ಪುಣ್ಯದ ಕೆಲಸವೇ ಸರಿ.

ಆದರೆ ಈ ಲಾಭ ಒಂದು ಷರತ್ತಿಗೆ ಒಳಪಟ್ಟದ್ದು: ಹಳೆಯದನ್ನು ಕೊಂಡವರು ಅದರ ಬದಲಿಗೆ ಹೊಸದನ್ನು ಕೊಳ್ಳದಿರಬೇಕು. ‘ಬೇಡವಾದರೆ ಮಾರಿದರಾಯಿತು’ ಎಂಬ ಧೈರ್ಯದಿಂದ ಹೊಸ ಉಡುಪುಗಳನ್ನು ರಾಶಿ ಹಾಕಿಕೊಳ್ಳುವವರಿಗೆ ಹರಾಜುಕಟ್ಟೆಯು ಕಪಾಟು ಖಾಲಿ ಮಾಡಿಕೊಡುವ ಆಳಾಗುತ್ತದೆ. ಕೊಳ್ಳುಬಾಕತನಕ್ಕೆ ಇದರಿಂದ ತಡೆ ಬೀಳುವುದಿಲ್ಲ, ಬದಲಿಗೆ ದಾರಿ ಸಲೀಸಾಗುತ್ತದೆ.

ಅದಕ್ಕಿಂತ ಗಂಭೀರವಾದದ್ದು, ಹರಾಜಿನಲ್ಲಿ ಹೋಗದೆ ಉಳಿಯುವ ಬಟ್ಟೆಯ ಗತಿ. ಅಂಚೆವೆಚ್ಚವನ್ನೂ ದುಡಿಯಲಾರದ ಅಗ್ಗದ ಅಂಗಿಗೆ ಚಿತ್ರ ತೆಗೆಯುವವರು ಯಾರು? ಹಿಂದೆ ಒಳ್ಳೆಯದೂ ಕೆಟ್ಟದ್ದೂ ಒಟ್ಟಾಗಿ ದಾನದ ಅಂಗಡಿಗಳಿಗೆ ಸೇರುತ್ತಿತ್ತು. ಈಗ ಮೇಲಿನ ಕೆನೆಯನ್ನು ಮನೆಯಲ್ಲೇ ತೆಗೆದು ಮಾರಿ, ಉಳಿದದ್ದನ್ನು ದಾನ ಮಾಡುವುದು ಹೆಚ್ಚಾಗಿದೆ. ಬಂದ ಬಟ್ಟೆಯ ಗುಣಮಟ್ಟ ಇಳಿದಿದೆಯೆಂದು ಬ್ರಿಟನ್ನಿನ ಅಂಥ ಅಂಗಡಿಗಳವರು ದೂರುತ್ತಿದ್ದಾರೆ. ಅಲ್ಲಿಯೂ ಮಾರಾಟವಾಗದ್ದು ಮೂಟೆಯಾಗಿ ಹಡಗು ಹತ್ತುತ್ತದೆ.

ಆ ಮೂಟೆಗಳು ಇಳಿಯುವ ಪ್ರಮುಖ ತಾಣಗಳಲ್ಲೊಂದು ಪಶ್ಚಿಮ ಆಫ್ರಿಕದ ಘಾನಾ ದೇಶದ ರಾಜಧಾನಿ ಅಕ್ರಾದಲ್ಲಿರುವ ಕಾಂಟಮಾಂಟೋ ಮಾರುಕಟ್ಟೆ. ಅಲ್ಲಿ ಹಳೆಯ ಬಟ್ಟೆಗೆ ‘ಒಬ್ರೋನಿ ವಾವು’ ಎಂಬ ಹೆಸರಿದೆ. ಸತ್ತ ಬಿಳಿಯನ ಬಟ್ಟೆ ಎಂದು ಅದರ ಅರ್ಥ; ಬದುಕಿರುವವರು ಇಷ್ಟೊಂದು ಬಟ್ಟೆಯನ್ನು ಬಿಟ್ಟುಕೊಡುವುದು ಅವರಿಗೆ ನಂಬಲಾಗದ ಸಂಗತಿಯಾಗಿತ್ತು. ಸುಮಾರು 55 ಕಿಲೋ ತೂಕದ ಮೂಟೆಯನ್ನು ತಲೆಯ ಮೇಲೆ ಹೊತ್ತು ಸಾಗಿಸುವ ಹೆಣ್ಣುಮಕ್ಕಳಿಗೆ ಅಲ್ಲಿ ‘ಕಯಾಯೇ’ ಎನ್ನುತ್ತಾರೆ. ವ್ಯಾಪಾರಿಯು ಮೂಟೆಯನ್ನು ಬಿಚ್ಚುವ ಮೊದಲೇ ಹಣ ತೆರುತ್ತಾಳೆ, ಬಹಳ ಸಲ ಸಾಲ ಮಾಡಿ. ಒಳಗೆ ಹರಕಲು, ಕಲೆ, ಎಳೆಬಿಟ್ಟ ಬಟ್ಟೆಯೇ ತುಂಬಿದ್ದರೆ ಕೇಳುವವರಿಲ್ಲ. ಇಬೇಯಲ್ಲಿ ಹನ್ನೆರಡು ಪೌಂಡಿನ ಕೋಟಿಗೆ ನಾಲ್ಕಾರು ಚಿತ್ರಗಳು, ಅಳತೆ, ಕಲೆಯ ವಿವರ, ಮಾತಿಗೆ ತಪ್ಪಿದರೆ ಹಣ ವಾಪಸು. ಇಲ್ಲಿ ಕಟ್ಟಿದ ಮೂಟೆ. ಒಂದೇ ಕಪಾಟಿನಿಂದ ಹೊರಟ ಬಟ್ಟೆ, ಎರಡು ನ್ಯಾಯ.

ಅಲ್ಲಿಗೆ ಬಂದ ಬಟ್ಟೆಯಲ್ಲಿ ಶೇ. 40ರಷ್ಟು ಕಸವಾಗಿ ಹೊರಹೋಗುತ್ತದೆಂದು ಅಲ್ಲೇ ಕೆಲಸ ಮಾಡುವ ‘ಓರ್ ಫೌಂಡೇಶನ್’ ಅಂದಾಜು ಮಾಡಿದೆ. ವ್ಯಾಪಾರಸ್ಥರ ಸಂಘಟನೆಗಳು ಅದನ್ನು ಒಪ್ಪುವುದಿಲ್ಲ. ಅಂಕಿಯ ಜಗಳ ಏನೇ ಇರಲಿ, ಅಕ್ರಾದ ಕಡಲತೀರದಲ್ಲಿ ಮರಳಿನೊಳಗೆ ಹೂತುಕೊಂಡ ಬಟ್ಟೆಯ ಹಗ್ಗಗಳು ಕಣ್ಣಿಗೆ ಕಾಣುತ್ತವೆ. 2025ರ ಜನವರಿಯ ಮೊದಲ ದಿನಗಳಲ್ಲಿ ಬೆಂಕಿ ಬಿದ್ದು ಆ ಮಾರುಕಟ್ಟೆಯ ಬಹುಭಾಗ ಸುಟ್ಟುಹೋಯಿತು. ಸಾಲದ ಮೂಟೆ ಸುಟ್ಟರೂ ಸಾಲ ಸುಡುವುದಿಲ್ಲವಷ್ಟೆ.

ಹಾಗಾದರೆ ಹರಾಜನ್ನೇ ನಿಲ್ಲಿಸಬೇಕೆ? ಬೇಡ. ತಪ್ಪು ಹರಾಜಿನದಲ್ಲ, ಉಳಿಕೆಗೆ ಒಡೆಯರಿಲ್ಲದಿರುವುದು. ಆ ಒಡೆತನವನ್ನು ಹೊಸ ಬಟ್ಟೆ ತಯಾರಿಸಿ ಮಾರುವವರ ಮೇಲೆ ಹೊರಿಸಬೇಕೆಂಬುದು ನನ್ನ ವಾದ. ಫ್ರಾನ್ಸ್ 2007ರಲ್ಲಿಯೇ ಈ ತತ್ತ್ವವನ್ನು ಕಾನೂನಿಗೆ ತಂದಿತು. ಕಂಪನಿಗಳು ಪ್ರತಿ ಉಡುಪಿನ ಮೇಲೆ ಕಿಂಚಿತ್ ಶುಲ್ಕ ಕಟ್ಟುತ್ತವೆ. 2025ರಲ್ಲಿ ಯುರೋಪ್ ಒಕ್ಕೂಟವು ಎಲ್ಲ ಸದಸ್ಯ ರಾಷ್ಟ್ರಗಳಿಗೂ ಇದನ್ನು ಕಡ್ಡಾಯ ಮಾಡುವ ನಿರ್ಣಯ ಕೈಗೊಂಡಿತು. ಬಟ್ಟೆಯೊಡನೆ ಈ ಹಣವೂ ಅಕ್ರಾವನ್ನು ತಲುಪಬೇಕು. ಮೂಟೆಯನ್ನು ಬಿಚ್ಚಿ ನೋಡಿ ಕೊಳ್ಳುವ ಹಕ್ಕು ಅಲ್ಲಿನ ವ್ಯಾಪಾರಿಗೂ ದೊರೆಯಬೇಕು.

ಇದೆಲ್ಲ ದೂರದ ಮಾತೆಂದು ಮಲೆನಾಡಿನವರು ಪುಟ ತಿರುವಬಾರದು. ಭಾರತದಲ್ಲಿ 2000ದಲ್ಲಿ ಆರಂಭವಾದ ಬಾಜಿ ಎಂಬ ಹರಾಜುತಾಣವನ್ನು ಇಬೇ 2004ರಲ್ಲಿ ಕೊಂಡಿತು, 2018ರಲ್ಲಿ ಇಲ್ಲಿನ ಅಂಗಡಿ ಮುಚ್ಚಿತು. ಆದರೆ ಹೊಸ ಬಟ್ಟೆ ಮಾರುವ ತಾಣಗಳು ಮುಚ್ಚಿಲ್ಲ. ಅವುಗಳ ಪೊಟ್ಟಣಗಳು ಈಗ ಘಟ್ಟದ ಕೊನೆಯ ಬಸ್ ನಿಲ್ದಾಣಕ್ಕೂ ಬರುತ್ತಿವೆ. ಅವುಗಳಲ್ಲಿ ಹೆಚ್ಚಿನವು ಪಾಲಿಯೆಸ್ಟರ್ ಬೆರೆತವು. ಹಳೆಯ ನೂಲಿನ ಸೀರೆ ತೊಟ್ಟಿಲಿಗಾಗುತ್ತಿತ್ತು, ಕೌದಿಗಾಗುತ್ತಿತ್ತು, ಕೊನೆಗೆ ಬಿಸಿ ಪಾತ್ರೆ ಇಳಿಸುವ ಮಸಿಬಟ್ಟೆಯಾಗುತ್ತಿತ್ತು. ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ಸಿದ್ದಿ ಮಹಿಳೆಯರು ಹಳೆಯ ಬಟ್ಟೆಯ ತುಂಡುಗಳಿಂದ ಹೊಲಿಯುವ ಕವಂದಿ ಇಂದಿಗೂ ಜೀವಂತವಾಗಿದೆ. ಪಾಲಿಯೆಸ್ಟರ್ ಬಿಸಿ ಪಾತ್ರೆಗೆ ಕರಗಿ ಅಂಟುತ್ತದೆ, ನೀರು ಹೀರುವುದಿಲ್ಲ, ಮಣ್ಣಿನಲ್ಲಿ ಕೊಳೆಯುವುದಿಲ್ಲ. ಅದು ಹರಾಜಿಗೂ ಬಾರದೆ ಕೌದಿಗೂ ಒಗ್ಗದೆ ಹಳ್ಳ ಸೇರುತ್ತಿದೆ.

ಪ್ಲಾಸ್ಟಿಕ್ ಪೊಟ್ಟಣ, ಬ್ಯಾಟರಿ, ಟೈರುಗಳ ವಿಷಯದಲ್ಲಿ ಉತ್ಪಾದಕರೇ ಹೊಣೆಯೆಂಬ ನಿಯಮಗಳು ನಮ್ಮ ದೇಶದಲ್ಲಿ 2022ರಿಂದ ಇವೆ. ಉಡುಪಿಗೂ ಅಂಥದೇ ಕಟ್ಟುನಿಟ್ಟಾದ ಹೊಣೆ ಬೇಕೆಂದು ಗ್ರಾಮಸಭೆಗಳಲ್ಲಿ ಠರಾವು ಮಾಡಿಸಲು ಸಾಧ್ಯವಿದೆ. ಅದಕ್ಕೆ ಮೊದಲು ಕಾಲೇಜು ವಿದ್ಯಾರ್ಥಿಗಳು ಬೇಸಿಗೆಯಲ್ಲಿ ನೀರಿಳಿದಾಗ ತಮ್ಮೂರಿನ ಹಳ್ಳದ ಒಂದು ಫರ್ಲಾಂಗ್ ನಡೆದು, ಬೇರಿಗೆ ಸಿಕ್ಕಿಕೊಂಡ ಬಟ್ಟೆಗಳಲ್ಲಿ ನೂಲಿನವು ಎಷ್ಟು, ಪಾಲಿಯೆಸ್ಟರಿನವು ಎಷ್ಟು ಎಂದು ಎಣಿಸಿ ಬರೆದಿಟ್ಟುಕೊಂಡರೆ ಠರಾವಿನ ಜೊತೆ ಲಗತ್ತಿಸಲು ಅನುಕೂಲವಾಗುತ್ತದೆ.