ಸ್ಕ್ರಿಪ್ಟಿಂಗ್ ಭಾಷೆ ಯಾರಿಗೋಸ್ಕರ ಸ್ವಾಮಿ?

ಮೊನ್ನೆ ಮಧ್ಯಾಹ್ನ ಊಟ ಮುಗಿಸಿ ಆಫೀಸಿನ ಎದುರಿನ ಗೂಡಂಗಡಿಯಲ್ಲಿ ಟೀ ಕುಡಿಯುತ್ತಾ ನಿಂತಿದ್ದೆವು. ನಾನು ಎಂದಿನಂತೆ ನನ್ನ ಹಳೇ ಹುಚ್ಚು ಮಾರೋವಿಂಡ್ ಆಟದ ಬಗ್ಗೆ ಕೊರೆಯುತ್ತಿದ್ದೆ. ಗೆಳೆಯನೊಬ್ಬ "ಅಲ್ಲ ಗುರೂ, ಅಷ್ಟು ಕಷ್ಟಪಟ್ಟು ಆಟದ ಇಂಜಿನ್ನನ್ನೇ ಹೊಸದಾಗಿ ಬರೆದಿದ್ದಾರೆ, ಸ್ಕ್ರಿಪ್ಟಿಂಗ್‌ಗೆ ಹೋಗಿ ಹೋಗಿ ಲುವಾನಾ? ಪೈಥಾನ್ ಹಾಕಿದ್ರೆ ಎಲ್ಲರಿಗೂ ಬರ್ತಿತ್ತಲ್ಲ" ಅಂದ. ಇನ್ನೊಬ್ಬ "ನಾನಾಗಿದ್ರೆ ಆಟಕ್ಕೆ ಅಂತಲೇ ನಂದೇ ಒಂದು ಭಾಷೆ ಬರೀತಿದ್ದೆ" ಅಂದ. ಟೀ ಮುಗಿಯಿತು, ಜಗಳ ಮುಗಿಯಲಿಲ್ಲ. ಅಲ್ಲಿ ಹೇಳೋಕಾಗದೆ ಉಳಿದದ್ದನ್ನು ಇಲ್ಲಿ ಹೇಳಿಬಿಡುತ್ತೇನೆ.

ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ. ಮಾರೋವಿಂಡ್ 2002ರಲ್ಲಿ ಬೆಥೆಸ್ಡಾ ಕಂಪನಿ ತಂದ ಆಟ. ಪಿಸಿಗೆ ಕೊಂಡವರಿಗೆ ಆಟದ ಜೊತೆಗೇ ಎಡಿಟರನ್ನೂ ಕೊಟ್ಟಿದ್ದರು. ಹಾಗಾಗಿ ಆಡುವವರೇ ಹೊಸ ಊರು, ಹೊಸ ಪಾತ್ರ, ಹೊಸ ಕಥೆ ಸೇರಿಸಲು ಕೂತರು. ಹೀಗೆ ಸೇರಿಸಿದ್ದಕ್ಕೆ 'ಮಾಡ್' ಅಂತಾರೆ. ಮಾಡಿಫಿಕೇಶನ್ ಅನ್ನೋದರ ಚಿಕ್ಕ ರೂಪ. ಕನ್ನಡದ 'ಮಾಡು' ಅಂತ ಓದಿಕೊಂಡರೂ ಅರ್ಥವೇನೂ ಕೆಡುವುದಿಲ್ಲ :) ಓಪನ್‌ಎಂಡಬ್ಲ್ಯೂ ಅನ್ನುವುದು ಇದೇ ಆಟಕ್ಕೆ ಸ್ವಯಂಸೇವಕರು 2008ರಿಂದ ಬರೆಯುತ್ತಿರುವ ಮುಕ್ತ ತಂತ್ರಾಂಶದ ಇಂಜಿನ್. ಚಿತ್ರ, ಶಬ್ದ, ಕಥೆ ಎಲ್ಲ ನೀವು ಕೊಂಡ ಆಟದ್ದೇ, ಅದನ್ನು ನಡೆಸುವ ಪ್ರೋಗ್ರಾಂ ಮಾತ್ರ ಹೊಸದು. 2023ರಲ್ಲಿ ಬಂದ ಅದರ 0.48 ಆವೃತ್ತಿಯಲ್ಲಿ ಲುವಾ ಸೇರಿತು.

ನನ್ನ ತಕರಾರು ಇಷ್ಟೇ. ನಾವು ಇಂಜಿನಿಯರುಗಳು ಭಾಷೆ ಆರಿಸುವಾಗ ಕನ್ನಡಿ ನೋಡಿಕೊಂಡು ಆರಿಸುತ್ತೇವೆ. ನನಗೆ ಯಾವುದು ಬರುತ್ತೆ, ನನ್ನ ಕೈಗೆ ಯಾವುದು ಚೆನ್ನಾಗಿ ಕೂರುತ್ತೆ, ರೆಸ್ಯೂಮೆಯಲ್ಲಿ ಯಾವುದು ಚಂದ ಕಾಣುತ್ತೆ. ಆದರೆ ಹಳೇ ಆಟದ ವಿಷಯದಲ್ಲಿ ಕೇಳಬೇಕಾದ ಮೂರು ಜನ ಬೇರೆಯೇ ಇದ್ದಾರೆ. ಹಿಂದೆ ಮಾಡ್ ಬರೆದು ಹೋದವನು, ಅದನ್ನು ಇಳಿಸಿಕೊಂಡು ಆಡುವವನು, ನಾಳೆ ಹೊಸದಾಗಿ ಬರೆಯುವವನು.

ಮೊದಲು ಬರೆದು ಹೋದವನ ಕಥೆ. 2002ರ ಆ ಭಾಷೆ ನೋಡಿದರೆ ನಗು ಬರುತ್ತೆ, ಒಪ್ಪಿಕೊಳ್ಳುತ್ತೇನೆ. ವೇರಿಯಬಲ್ ಅಂದರೆ ಮೂರೇ ಬಗೆ, ಮೂರೂ ಬರೀ ಅಂಕಿಗಳು. ಅರೇ ಇಲ್ಲ, ಸ್ಟ್ರಿಂಗ್ ವೇರಿಯಬಲ್ ಇಲ್ಲ. ಆಟಗಾರ ಹತ್ತಿರ ಇರುವಷ್ಟೂ ಹೊತ್ತು ವಸ್ತುವಿಗೆ ಅಂಟಿಸಿದ ಸ್ಕ್ರಿಪ್ಟು ಪ್ರತಿ ಫ್ರೇಮಿಗೂ ತಲೆಯಿಂದ ಬಾಲದವರೆಗೆ ಓಡುತ್ತದೆ. "ಇದನ್ನ ಕಿತ್ತು ಬಿಸಾಕಿ ಶುದ್ಧವಾಗಿ ಶುರುಮಾಡೋಣ" ಅಂತ ನಮ್ಮಂಥವರಿಗೆ ಕೈ ತುರಿಸುತ್ತದೆ. ಬಿಸಾಕುವುದು ಯಾರದನ್ನು? ಟ್ಯಾಮ್ರಿಯಲ್ ರೀಬಿಲ್ಟ್ ಅನ್ನುವ ಗುಂಪು ಆಟ ಬರುವುದಕ್ಕೂ ಮುಂಚೆ, 2001ರಲ್ಲೇ ಶುರುವಾಗಿ ಇವತ್ತಿಗೂ ನೆಲ ಸೇರಿಸುತ್ತಲೇ ಇದೆ. ಅದು ದೊಡ್ಡದು, ನೋಡಿಕೊಳ್ಳುವವರಿದ್ದಾರೆ. ಆದರೆ ಯಾರೋ ಒಬ್ಬ ರಜೆಯಲ್ಲಿ ಕೂತು ಒಂದು ಚಿಕ್ಕ ಮಾಡ್ ಬರೆದು ಹಾಕಿ, ಆಮೇಲೆ ಕೆಲಸ, ಮದುವೆ, ಮಕ್ಕಳು ಅಂತ ಹೊರಟುಹೋಗಿರುತ್ತಾನೆ. ಅವನನ್ನು ಹುಡುಕಿ 'ಹೊಸ ಭಾಷೆಗೆ ಬದಲಿಸಿಕೊಡು ಮಾರಾಯ' ಅಂತ ಹೇಳೋದು ಆಗುವ ಮಾತೇ? ಓಪನ್‌ಎಂಡಬ್ಲ್ಯೂದವರು ಇಲ್ಲಿ ಸರಿಯಾಗಿ ನಡೆದುಕೊಂಡರು. ಹಳೇ ಭಾಷೆಯನ್ನು ಅದರ ಎಲ್ಲ ವಕ್ರಗಳ ಸಮೇತ ಓಡಿಸುತ್ತಾ ಲುವಾವನ್ನು ಪಕ್ಕದಲ್ಲಿ ಕೂರಿಸಿದರು.

ಎರಡನೆಯವನು ಇಳಿಸಿಕೊಳ್ಳುವವನು. ಇದು ನನಗೆ ಅನುಭವದಿಂದ ಗೊತ್ತು. ಹಾಸ್ಟೆಲ್ಲಿನಲ್ಲಿದ್ದಾಗ ಬೇರೊಂದು ಆಟಕ್ಕೆ 'ಮಾಡ್' ಅಂತ ಎಲ್ಲಿಂದಲೋ ಒಂದು ಫೈಲ್ ಇಳಿಸಿ ರೂಮ್‌ಮೇಟಿನ ಲ್ಯಾಪ್‌ಟಾಪಿನಲ್ಲಿ ಓಡಿಸಿದ್ದೆ. ಆಟ ಶುರುವಾಗಲಿಲ್ಲ, ವೈರಸ್ ಶುರುವಾಯಿತು. ಅವನ ಫೈನಲ್ ಇಯರ್ ಪ್ರಾಜೆಕ್ಟ್ ರಿಪೋರ್ಟು ಹೋಯಿತು. ಬೈಯಲಿಲ್ಲ ಪುಣ್ಯಾತ್ಮ, ಎರಡು ರಾತ್ರಿ ಕೂತು ಮತ್ತೆ ಟೈಪ್ ಮಾಡಿದ. ನಾನು ಪಕ್ಕದಲ್ಲಿ ಕೂತು ಓದಿ ಹೇಳಿದೆ. ಮಾಡ್ ಅಂದರೆ ಮುಖ ನೋಡದವನು ಬರೆದ ಪ್ರೋಗ್ರಾಂ ಅನ್ನುವುದು ಅವತ್ತು ತಲೆಗೆ ಹೋಯಿತು.

ಪೈಥಾನ್ ಬೇಡ ಅನ್ನಲು ನನಗಿರುವ ಮುಖ್ಯ ಕಾರಣ ಇದೇ. ಆಫೀಸಿನಲ್ಲಿ ದಿನವಿಡೀ ಅದರಲ್ಲೇ ಬರೆಯುತ್ತೇನೆ, ಅನ್ನ ಹಾಕುತ್ತಿರುವ ಭಾಷೆ ಅದು. ಆದರೆ ಅದನ್ನು ಪಂಜರದಲ್ಲಿಡುವುದು ಕಷ್ಟ. ಅಪರಿಚಿತರ ಕೋಡ್ ಓಡಿಸಲೆಂದು ಅದರಲ್ಲೇ ಇದ್ದ ರೆಕ್ಸೆಕ್ ಮಾಡ್ಯೂಲನ್ನು 2003ರ 2.3 ಆವೃತ್ತಿಯಲ್ಲಿ ಅವರೇ ನಿಲ್ಲಿಸಿದರು, ಅಷ್ಟು ತೂತುಗಳು ಅದರಲ್ಲಿ. ಆಮೇಲೆ ಪೈಸ್ಯಾಂಡ್‌ಬಾಕ್ಸ್ ಬರೆದಾತ 2013ರಲ್ಲಿ ಇದು ಮೂಲದಲ್ಲೇ ಆಗದ ಕೆಲಸ ಅಂತ ಕೈಬಿಟ್ಟ. ಲುವಾದಲ್ಲಿ ಲೆಕ್ಕ ಉಲ್ಟಾ. ಸ್ಕ್ರಿಪ್ಟಿನ ಕೈಗೆ ಏನು ಸಿಗಬೇಕು ಅನ್ನುವುದನ್ನು ಇಂಜಿನ್ ಎಣಿಸಿ ಕೊಡಬಹುದು. ಫೈಲ್ ತೆರೆಯುವ, ಕಮ್ಯಾಂಡ್ ಓಡಿಸುವ ಲೈಬ್ರರಿಗಳನ್ನು ಕೊಡದಿದ್ದರೆ ಆಯಿತು. ತಾನಾಗೇ ಸುರಕ್ಷಿತ ಅಂತಲ್ಲ, ಎಚ್ಚರ ಬೇಕು. ಆದರೆ ಬಾಗಿಲು ಮುಚ್ಚಲು ಚಿಲಕ ಅಂತೂ ಇದೆ.

"ಸಿವಿಲೈಸೇಶನ್ 4ರಲ್ಲಿ ಪೈಥಾನ್ ಇತ್ತಲ್ಲ?" ಅಂತ ಗೆಳೆಯ ಕೇಳಿದ. ಇತ್ತು, 2005ರಲ್ಲಿ. ಒಳ್ಳೊಳ್ಳೆ ಮಾಡ್‌ಗಳೂ ಬಂದವು. ಆದರೆ 2010ರ ಸಿವಿಲೈಸೇಶನ್ 5ಕ್ಕೆ ಅವರೇ ಲುವಾ ಹಿಡಿದರು. ಇನ್ನು ವೇಗಕ್ಕಾಗಿ ನೇರ ಡಿಎಲ್ಎಲ್ ಹಾಕೋಣ ಅನ್ನುವವರಿಗೆ ಕ್ವೇಕ್ ಪಾಠ ಇದೆ. 1996ರ ಕ್ವೇಕ್‌ನಲ್ಲಿ ಕ್ವೇಕ್‌ಸಿ ಅನ್ನುವ ಪುಟ್ಟ ಭಾಷೆ. ಒಮ್ಮೆ ಕಂಪೈಲ್ ಮಾಡಿದ ಮಾಡ್ ಯಾವ ಆಪರೇಟಿಂಗ್ ಸಿಸ್ಟಂನಲ್ಲಾದರೂ ನಡೆಯುತ್ತಿತ್ತು. 1997ರ ಕ್ವೇಕ್ 2ರಲ್ಲಿ ಡಿಎಲ್ಎಲ್ ಬಂತು. ವೇಗ ಸಿಕ್ಕಿತು, ಆದರೆ ಪ್ರತಿ ಸಿಸ್ಟಂಗೂ ಬೇರೆ ಕಂಪೈಲು, ಜೊತೆಗೆ ಇಡೀ ಕಂಪ್ಯೂಟರೇ ಮಾಡ್‌ನ ಕೈಯಲ್ಲಿ. 1999ರ ಕ್ವೇಕ್ 3ರ ಹೊತ್ತಿಗೆ ಮತ್ತೆ ವರ್ಚುವಲ್ ಮೆಷಿನ್‌ಗೆ ವಾಪಸ್!

ಮೂರನೆಯವನು ನಾಳೆ ಬರೆಯುವವನು. ಅವನು ಇಂಜಿನಿಯರ್ ಆಗಿರಬೇಕಿಲ್ಲ. ಲುವಾದಲ್ಲಿ ಪಟ್ಟಿಯ ಎಣಿಕೆ 1ರಿಂದ ಶುರುವಾಗುತ್ತೆ ಅಂತ ನಮ್ಮವರು ನಗುತ್ತಾರೆ. ನಮ್ಮಜ್ಜಿ ತೆಂಗಿನಕಾಯಿ ಎಣಿಸೋದೂ ಒಂದರಿಂದಲೇ ಸ್ವಾಮಿ. ಸೊನ್ನೆಯಿಂದ ಎಣಿಸೋದನ್ನ ಕಲಿತವರು ನಾವು, ವಿಚಿತ್ರ ನಮ್ಮದು. ನಂದೇ ಭಾಷೆ ಬರೀತೀನಿ ಅಂದ ಎರಡನೇ ಗೆಳೆಯನಿಗೂ ಇಲ್ಲೇ ಉತ್ತರ. ಮಾರೋವಿಂಡ್‌ನದ್ದು ಅಂಥದ್ದೇ ಸ್ವಂತ ಭಾಷೆ. 2011ರ ಸ್ಕೈರಿಮ್‌ಗೆ ಬೆಥೆಸ್ಡಾ ಪ್ಯಾಪಿರಸ್ ಅಂತ ಮತ್ತೊಂದನ್ನು ತಂದಿತು. ಹಳೆಯದನ್ನು ವರ್ಷಗಟ್ಟಲೆ ಕಲಿತವನು ಮತ್ತೆ ಮೊದಲಿಂದ ಅ ಆ ಇ ಈ. ಬ್ರೆಜಿಲ್ಲಿನ ರಿಯೋದಲ್ಲಿ 1993ರಲ್ಲಿ ಹುಟ್ಟಿದ ಲುವಾ ಕಲಿತರೆ ಅದು ಇನ್ನೂ ನಾಲ್ಕು ಕಡೆ ಕೆಲಸಕ್ಕೆ ಬರುತ್ತೆ.

ಲುವಾ ಅಪರಂಜಿ ಅಂತ ನಾನೇನೂ ಹೇಳುತ್ತಿಲ್ಲ. 'ಲೋಕಲ್' ಅಂತ ಬರೆಯೋದು ಮರೆತರೆ ವೇರಿಯಬಲ್ ತಾನಾಗೇ ಗ್ಲೋಬಲ್ ಆಗುತ್ತೆ, ಹೆಸರಿನಲ್ಲಿ ಒಂದಕ್ಷರ ತಪ್ಪಿದರೆ ಸುಮ್ಮನೆ 'ನಿಲ್' ಸಿಗುತ್ತೆ. ಇದರಿಂದ ನಾನೂ ರಾತ್ರಿಗಳನ್ನು ಕಳೆದಿದ್ದೇನೆ. ಇಲ್ಲಿ ಬಳಸಿರುವ ಲುವಾಜಿಟ್ ಬಹುಮಟ್ಟಿಗೆ 2006ರ ಲುವಾ 5.1ರಲ್ಲೇ ನಿಂತಿದೆ. ಭಾಷೆ ಒಂದೇ ಆದರೆ ಎಲ್ಲ ಒಂದೇ ಅಂತಲೂ ಅಲ್ಲ. ಮೂಲ ಆಟದ ಮೇಲೆ ಕೂರುವ ಎಂಡಬ್ಲ್ಯೂಎಸ್‌ಇ ಅನ್ನುವುದರಲ್ಲೂ ಲುವಾ ಇದೆ, ಆದರೆ ಅದಕ್ಕೆ ಬರೆದ ಮಾಡ್ ಓಪನ್‌ಎಂಡಬ್ಲ್ಯೂನಲ್ಲಿ ನಡೆಯುವುದಿಲ್ಲ. ಇಂಜಿನ್ ಕೊಡುವ ಫಂಕ್ಷನ್ನುಗಳೇ ಬೇರೆ. ಓಪನ್‌ಎಂಡಬ್ಲ್ಯೂನಲ್ಲಿ ಒಂದು ಪಾತ್ರಕ್ಕೆ ಅಂಟಿದ ಲೋಕಲ್ ಸ್ಕ್ರಿಪ್ಟು ಸುತ್ತಲಿನದನ್ನು ನೋಡಬಹುದು, ಬದಲಿಸುವುದು ತನ್ನನ್ನು ಮಾತ್ರ. ಬೇರೆಯದನ್ನು ಮುಟ್ಟಬೇಕಾದರೆ ಈವೆಂಟ್ ಕಳಿಸಬೇಕು. ಕಿರಿಕಿರಿ ಅನ್ನಿಸುತ್ತೆ, ಆದರೆ ಹತ್ತು ಜನರ ಹತ್ತು ಮಾಡ್ ಒಟ್ಟಿಗೆ ಬಾಳಬೇಕಾದರೆ ಇಂಥ ಕಟ್ಟುಪಾಡು ಬೇಕು. ಟೀ ಅಂಗಡಿಯಲ್ಲಿ ನಾವು ನಿಜಕ್ಕೂ ಇದರ ಬಗ್ಗೆ ಜಗಳ ಆಡಬೇಕಿತ್ತು.

ಹೋದ ವಾರ ಹಳೇ ಪೆನ್‌ಡ್ರೈವಿನಲ್ಲಿ ನಾನು ಹಾಸ್ಟೆಲ್ ದಿನಗಳಲ್ಲಿ ಬರೆದ ಮಾಡ್ ಸಿಕ್ಕಿತು. ಬಾಲ್ಮೋರಾ ಊರಿನ ಒಂದು ಅಂಗಡಿ ರಾತ್ರಿ ಎಂಟಕ್ಕೆ ಬೀಗ ಹಾಕಿಕೊಳ್ಳಬೇಕು, ಅಷ್ಟೇ ಅದರ ಕೆಲಸ. ಮೂವತ್ತು ಸಾಲಿನ ಆ ಹಳೇ ಭಾಷೆಯ ಕೋಡನ್ನು ಈಗ ನನಗೇ ಓದಲಾಗಲಿಲ್ಲ. ಓಪನ್‌ಎಂಡಬ್ಲ್ಯೂಗೆ ಹಾಕಿ ನೋಡಿದೆ. ಒಂದಕ್ಷರ ಬದಲಿಸದೆ ನಡೆಯಿತು, ಎಂಟು ಗಂಟೆಗೆ ಬಾಗಿಲು ಮುಚ್ಚಿತು. 'ಶುದ್ಧವಾಗಿ ಶುರುಮಾಡೋಣ' ಅಂದವರ ಕೈಗೆ ಇಂಜಿನ್ ಸಿಕ್ಕಿದ್ದರೆ ಆ ಅಂಗಡಿ ಇನ್ನೆಂದೂ ಮುಚ್ಚುತ್ತಿರಲಿಲ್ಲ.

ಏನಂತೀರಿ?