ಕ್ಯಾನ್ಸರ್ ಚಿಕಿತ್ಸೆಯಲ್ಲಿ ಗಣಕಯಂತ್ರದ ಲೆಕ್ಕಾಚಾರ: ಒಂದು ಅವಲೋಕನ

ಹಿನ್ನೆಲೆ

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ ಹಾಗೂ ಶಿಡ್ಲಘಟ್ಟ ತಾಲ್ಲೂಕುಗಳಿಂದ ಕ್ಯಾನ್ಸರ್ ರೋಗಿಗಳು ವಿಕಿರಣ ಚಿಕಿತ್ಸೆಗಾಗಿ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆ ಮುಂತಾದೆಡೆ ತೆರಳುತ್ತಾರೆ. ಈ ಚಿಕಿತ್ಸೆಯು ಸಾಮಾನ್ಯವಾಗಿ ವಾರಕ್ಕೆ 5 ದಿನದಂತೆ 5ರಿಂದ 7 ವಾರ ನಡೆಯುತ್ತದೆ. ಇದರೊಂದಿಗೆ ದುಬಾರಿಯಾದ ರೋಗನಿರೋಧಕ ಚಿಕಿತ್ಸೆಯನ್ನೂ (ಇಮ್ಯುನೋಥೆರಪಿ) ನೀಡುವುದಾದರೆ, ಎಂದು, ಎಷ್ಟು ನೀಡಬೇಕೆಂಬುದು ಮುಖ್ಯ ಪ್ರಶ್ನೆಯಾಗುತ್ತದೆ.

ಕ್ರಮದ ಮಹತ್ವ

ವಿಕಿರಣದಿಂದ ಸತ್ತ ಕ್ಯಾನ್ಸರ್ ಕೋಶಗಳ ಅಂಶಗಳು ರೋಗವನ್ನು ಗುರುತಿಸಲು ದೇಹದ ರಕ್ಷಕ ಕೋಶಗಳಿಗೆ ನೆರವಾಗಬಲ್ಲವು. ಆದರೆ ಅದೇ ವಿಕಿರಣವು ರಕ್ಷಕ ಕೋಶಗಳನ್ನೂ ನಾಶಪಡಿಸುತ್ತದೆ. ಶಸ್ತ್ರಚಿಕಿತ್ಸೆ ಸಾಧ್ಯವಿಲ್ಲದ ಮೂರನೇ ಹಂತದ ಶ್ವಾಸಕೋಶ ಕ್ಯಾನ್ಸರ್‌ನಲ್ಲಿ, ಕೀಮೋ ಮತ್ತು ವಿಕಿರಣ ಮುಗಿದ ನಂತರ ಡರ್ವಾಲುಮ್ಯಾಬ್ ನೀಡಿದಾಗ ರೋಗ ಉಲ್ಬಣಿಸದ ಅವಧಿಯು 5.6 ತಿಂಗಳಿಂದ 16.8 ತಿಂಗಳಿಗೆ ಏರಿತೆಂದು 2017ರಲ್ಲಿ ವರದಿಯಾಯಿತು. ಅದೇ ಔಷಧವನ್ನು ವಿಕಿರಣದ ಜೊತೆಯಲ್ಲಿಯೇ ಆರಂಭಿಸಿದ ಮತ್ತೊಂದು ಪ್ರಯೋಗದಲ್ಲಿ ಗಣನೀಯ ಲಾಭ ಕಂಡುಬರಲಿಲ್ಲ.

ಗಣಕಯಂತ್ರದ ಪಾತ್ರ

ವಿಕಿರಣದ 5 ಪ್ರಮಾಣ, ಔಷಧದ 4 ಪ್ರಮಾಣ ಹಾಗೂ ಆರಂಭದ 6 ದಿನಗಳನ್ನು ಪರಿಗಣಿಸಿದರೂ 120 ಕ್ರಮಗಳಾಗುತ್ತವೆ. ಪ್ರತಿಯೊಂದಕ್ಕೆ 200 ರೋಗಿಗಳೆಂದರೆ 24,000 ಮಂದಿ ಬೇಕು, ಇದು ಕಾರ್ಯಸಾಧ್ಯವಲ್ಲ. ಗೆಡ್ಡೆಯ ಬೆಳವಣಿಗೆ, ಕೋಶಗಳ ಸಾವು ಮತ್ತು ರಕ್ಷಕ ಕೋಶಗಳ ಚೇತರಿಕೆಯನ್ನು ಸಮೀಕರಣಗಳಲ್ಲಿ ಅಳವಡಿಸಿ, ಪರೀಕ್ಷೆಗೆ ಯೋಗ್ಯವಾದ ಕೆಲವೇ ಕ್ರಮಗಳನ್ನು ಗಣಕಯಂತ್ರದ ಮೂಲಕ ಆಯ್ದುಕೊಳ್ಳಲು ಯತ್ನಿಸಲಾಗುತ್ತಿದೆ.

ಇದು ಆಯವ್ಯಯ ಅಂದಾಜಿನಂತೆ, ಅಂತಿಮ ಲೆಕ್ಕವಲ್ಲ. ತಂಬಾಕು ಜಗಿಯುವವರ ಬಾಯಿ ಕ್ಯಾನ್ಸರ್‌ನಂತಹ ನಮ್ಮ ಭಾಗದ ರೋಗಗಳ ಮಾಹಿತಿಯನ್ನು ಸೇರಿಸದೆ ಮಾಡಿದ ಲೆಕ್ಕವು ಇಲ್ಲಿನ ರೋಗಿಗೆ ಹೊಂದದಿರಬಹುದು. ಆದುದರಿಂದ ದೇಶೀಯ ಪ್ರಯೋಗಗಳು ಅಗತ್ಯ. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯು 2022ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಉಲ್ಬಣಿಸಿದ ತಲೆ ಮತ್ತು ಕುತ್ತಿಗೆ ಕ್ಯಾನ್ಸರ್ ರೋಗಿಗಳಿಗೆ ಮಾತ್ರೆಗಳೊಂದಿಗೆ ನಿವೊಲುಮ್ಯಾಬ್ ಅನ್ನು ಕೇವಲ 20 ಮಿಲಿಗ್ರಾಂ ಪ್ರಮಾಣದಲ್ಲಿ ನೀಡಲಾಯಿತು. ವಿಕಿರಣವಿಲ್ಲದ ಈ ಪ್ರಯೋಗದಲ್ಲಿ ಒಂದು ವರ್ಷ ಬದುಕುಳಿದವರ ಪ್ರಮಾಣ ಶೇ. 16.3ರಿಂದ ಶೇ. 43.4ಕ್ಕೆ ಏರಿತು. ಔಷಧದ ಪ್ರಮಾಣ ತಗ್ಗಿದರೆ ವೆಚ್ಚವೂ ತಗ್ಗುತ್ತದೆ. ಬಡ ಕುಟುಂಬಗಳಿಗೆ ಇಂತಹ ಸಂಶೋಧನೆಯ ಮಹತ್ವ ಇಲ್ಲಿಯೇ ಇದೆ.

ಸಾರ್ವಜನಿಕರ ಗಮನಕ್ಕೆ

1. ಆಸ್ಪತ್ರೆಯಲ್ಲಿ "ಸಿಮ್ಯುಲೇಷನ್" ಎಂದು ಹೇಳುವುದು ವಿಕಿರಣಕ್ಕೆ ಮುನ್ನ ಸ್ಕ್ಯಾನ್ ಮಾಡಿ ಜಾಗ ಗುರುತಿಸುವ ಕ್ರಿಯೆಯನ್ನು, ಮೇಲಿನ ಸಂಶೋಧನೆಯನ್ನಲ್ಲ.

2. ಹೊಸ ಚಿಕಿತ್ಸೆಯ ನಿರೀಕ್ಷೆಯಲ್ಲಿ ನಿಗದಿತ ವಿಕಿರಣವನ್ನು ನಡುವೆ ನಿಲ್ಲಿಸಬಾರದು.

3. ಔಷಧ ಪ್ರಯೋಗಕ್ಕೆ ಸಹಿ ಹಾಕುವ ಮುನ್ನ, ಅದು ಭಾರತದ ಪ್ರಯೋಗ ನೋಂದಣಿಯಲ್ಲಿ ದಾಖಲಾಗಿದೆಯೇ, ವೆಚ್ಚ ಯಾರದು ಎಂದು ವೈದ್ಯರಲ್ಲಿ ವಿಚಾರಿಸಬೇಕು.