ಒಂದು ಶಾಲೆ ಇಡೀ ದೇಶವಾದ ಬಗೆ

ಮುಸ್ಲಿಮರಿಗೆ ನೋವಾಗುತ್ತದೆಂದು ಬ್ರಿಟನ್ ‘ಈ ವಾರ’ ತನ್ನ ಶಾಲಾ ಪಠ್ಯದಿಂದ ಹೊಲೊಕಾಸ್ಟನ್ನು, ಅಂದರೆ ಯಹೂದ್ಯರ ನರಮೇಧವನ್ನು, ಕಿತ್ತುಹಾಕಿದೆ ಎಂಬುದು 2007ರಿಂದ ಇಮೇಲ್‌ಗಳಲ್ಲಿ ಸುತ್ತಿದ ಆರೋಪ. ಯಾವ ವಾರ? ಸಂದೇಶದಲ್ಲಿ ತಾರೀಖಿಲ್ಲ, ವರ್ಷಗಳು ಉರುಳಿದರೂ ಅದು ‘ಈ ವಾರ’ವೇ. ವಾಸ್ತವ ಏನು? ಇಂಗ್ಲೆಂಡಿನ ರಾಷ್ಟ್ರೀಯ ಪಠ್ಯಕ್ರಮದಲ್ಲಿ 11ರಿಂದ 14 ವರ್ಷದ ಮಕ್ಕಳ ಇತಿಹಾಸಕ್ಕೆ ಈ ವಿಷಯ 1991ರಿಂದಲೂ ಕಡ್ಡಾಯ. 2013ರ ಪಠ್ಯಕ್ರಮ ಆ ಹಂತದ ಎಷ್ಟೋ ವಿಷಯಗಳನ್ನು ಬರೀ ಉದಾಹರಣೆಗಳೆಂದು ಶಿಕ್ಷಕರ ಆಯ್ಕೆಗೆ ಬಿಟ್ಟಿತು. ಹೊಲೊಕಾಸ್ಟನ್ನು ಮಾತ್ರ ಬಿಡಲಿಲ್ಲ.

‘ಸರ್ಕಾರದ ವರದಿಯೇ ಹೇಳಿದೆಯಲ್ಲ’ ಎನ್ನುತ್ತಾರೆ. ಆ ವರದಿಯನ್ನು ಓದೋಣ. ಅದು ಸರ್ಕಾರದ ಆದೇಶವಲ್ಲ, ಸರ್ಕಾರದ ಹಣದಲ್ಲಿ ಹಿಸ್ಟಾರಿಕಲ್ ಅಸೋಸಿಯೇಷನ್ ಎಂಬ ಸಂಸ್ಥೆ 2007ರಲ್ಲಿ ಸಿದ್ಧಪಡಿಸಿದ ಅಧ್ಯಯನ. ಇಂಗ್ಲೆಂಡಿನ ಉತ್ತರದ ಒಂದು ನಗರದಲ್ಲಿ ಒಂದು ಶಾಲೆಯ ಇತಿಹಾಸ ವಿಭಾಗ, ಹೈಸ್ಕೂಲು ಮುಗಿಸುವ ಜಿಸಿಎಸ್‌ಇ ಪರೀಕ್ಷೆಯ ಕೋರ್ಸ್‌ವರ್ಕ್‌ಗೆ ಈ ವಿಷಯವನ್ನು ಆರಿಸಿಕೊಳ್ಳಲಿಲ್ಲ ಎಂದು ಅದರಲ್ಲಿದೆ. ಕೋರ್ಸ್‌ವರ್ಕ್ ಎಂದರೆ ಆಗ ಹಲವು ವಿಷಯಗಳಲ್ಲಿ ಒಂದನ್ನು ಶಾಲೆಯೇ ಆಯ್ದುಕೊಳ್ಳುತ್ತಿದ್ದ ಬರವಣಿಗೆ. ಕಡ್ಡಾಯ ಪಾಠ ಅದಕ್ಕೂ ಹಿಂದಿನ ತರಗತಿಗಳದ್ದು. ಯಹೂದ್ಯ ದ್ವೇಷದ ಮಾತು ಕೇಳಿಬರುತ್ತಿದ್ದರೂ ಹೊಲೊಕಾಸ್ಟ್ ಪಾಠ ನಿಲ್ಲಿಸದ ಇನ್ನೊಂದು ವಿಭಾಗದ ಸಂಗತಿಯೂ ಅದೇ ವರದಿಯಲ್ಲಿದೆ. ಮೊದಲನೆಯದನ್ನು ಎತ್ತಿಕೊಂಡು ಎರಡನೆಯದನ್ನು ಮುಚ್ಚಿಟ್ಟವರು ವರದಿಯ ಹೆಸರು ಹೇಳುವ ಹಕ್ಕನ್ನೇ ಕಳೆದುಕೊಂಡಿದ್ದಾರೆ.

‘ಆದರೂ ಮುಸ್ಲಿಮರ ಒತ್ತಡಕ್ಕೆ ಮಣಿದದ್ದು ನಿಜ ತಾನೆ?’ ಎಂಬುದು ಮುಂದಿನ ಪಟ್ಟು. ವರದಿ ಹೇಳಿದ್ದು, ಕೆಲವು ವಿದ್ಯಾರ್ಥಿಗಳು ನರಮೇಧವನ್ನೇ ಅಲ್ಲಗಳೆದಾರು ಎಂಬ ಶಿಕ್ಷಕರ ಅಳುಕನ್ನು. ಆ ಅಳುಕು ತಪ್ಪು. ಅಲ್ಲಗಳೆಯುವ ಮಗು ಕೂತಿರುವ ತರಗತಿಯಲ್ಲೇ ಆ ಪಾಠ ಮೊದಲು ನಡೆಯಬೇಕು. ಆದರೆ ಒಂದು ವಿಭಾಗದ ಅಳುಕು ಒಂದು ಸಮುದಾಯದ ಬೇಡಿಕೆಯಾಗುವುದಿಲ್ಲ, ದೇಶದ ಕಾನೂನಂತೂ ಆಗುವುದೇ ಇಲ್ಲ.

ಇಮೇಲ್‌ನಲ್ಲಿದ್ದ ಯು.ಕೆ. ಎಂಬ ಎರಡಕ್ಷರವನ್ನು ಅಮೆರಿಕದ ಯೂನಿವರ್ಸಿಟಿ ಆಫ್ ಕೆಂಟಕಿ ಎಂದು ಓದಿಕೊಂಡು ಅದರ ಮೇಲೂ ಇದೇ ಆರೋಪ ಹೊರಿಸಿದವರಿದ್ದರು. ಆ ವಿಶ್ವವಿದ್ಯಾಲಯವೂ ನಿರಾಕರಣೆ ಹೊರಡಿಸಬೇಕಾಯಿತು. ಅಪರಾಧಿ ಯಾರೆಂದು ಗೊತ್ತಿಲ್ಲದವರಿಗೆ ಅಪರಾಧ ನಡೆದಿದೆ ಎಂಬುದು ಮಾತ್ರ ಖಾತ್ರಿಯಾಗಿತ್ತು!

ಕೊನೆಯ ಆಸರೆ: ‘ಸುಳ್ಳೇ ಇರಲಿ, ನೆನಪು ಉಳಿಸುವ ಉದ್ದೇಶ ಒಳ್ಳೆಯದು.’ ನನಗೆ ಹೆಚ್ಚು ಸಂಕಟ ತರುವ ಮಾತು ಇದು. 1945ರ ಏಪ್ರಿಲ್ 12ರಂದು ಅಮೆರಿಕದ ಜನರಲ್ ಐಸೆನ್‌ಹೋವರ್ ನಾಜಿಗಳ ಓರ್‌ಡ್ರೂಫ್ ಶಿಬಿರಕ್ಕೆ ಹೋಗಿ ಹೆಣಗಳ ರಾಶಿಯನ್ನು ಕಣ್ಣಾರೆ ನೋಡಿದರು. ಇದೆಲ್ಲ ಬರೀ ಪ್ರಚಾರ ಎಂದು ಮುಂದೆ ಯಾರಾದರೂ ಹೇಳಿದರೆ ತಾವೇ ಸಾಕ್ಷಿ ನುಡಿಯಲೆಂದು ಹೋಗಿದ್ದಾಗಿ ಬರೆದರು. ಈ ಇಮೇಲ್ ಅವರ ಹೆಸರನ್ನೂ ಬಳಸಿಕೊಳ್ಳುತ್ತದೆ. ಕಂಡದ್ದನ್ನು ಹೇಳಿದ ಸಾಕ್ಷಿಯ ಪಕ್ಕದಲ್ಲಿ ಕಾಣದ್ದನ್ನು ಹಬ್ಬಿಸುವವರನ್ನು ಕೂರಿಸಿದರೆ ಲಾಭ ಯಾರಿಗೆ? ನರಮೇಧವನ್ನು ಅಲ್ಲಗಳೆಯುವವನಿಗೆ. ‘ಇದು ಸುಳ್ಳಾದರೆ ಅದೂ ಸುಳ್ಳಿರಬಹುದು’ ಎನ್ನಲು ಅವನಿಗೆ ಇಷ್ಟು ಸಾಕು.

ಇಂಗ್ಲೆಂಡಿನ ಶಾಲೆಗಳಲ್ಲಿ ನಿಜವಾದ ಕೊರತೆ ಇರಲಿಲ್ಲವೆಂದಲ್ಲ. 2009ರಲ್ಲಿ ಲಂಡನ್ನಿನ ಇನ್‌ಸ್ಟಿಟ್ಯೂಟ್ ಆಫ್ ಎಜುಕೇಷನ್ ಎರಡು ಸಾವಿರಕ್ಕೂ ಹೆಚ್ಚು ಶಿಕ್ಷಕರನ್ನು ವಿಚಾರಿಸಿದಾಗ, ಈ ವಿಷಯದಲ್ಲಿ ತಾವು ತಾವಾಗಿಯೇ ಓದಿ ಕಲಿತವರೆಂದು ಬಹುಪಾಲು ಮಂದಿ ಹೇಳಿದರು. ಅವರಿಗೆ ತರಬೇತಿ ಕೊಡಿ ಎಂದು ಈ ಇಮೇಲ್ ಒಂದು ಸಾಲಿನಲ್ಲೂ ಕೇಳಲಿಲ್ಲ.